ಚಿಕ್ಕಪ್ಪ, ರೌಟರ್ ಬದಲಿಸಲು ಅವಸರ ಬೇಡ

ಚಿಕ್ಕಪ್ಪ, ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಹಳೇ ಕಂಪ್ಯೂಟರ್‌ನ ಫೋಟೊ, ವಿಡಿಯೊ ಎಲ್ಲ ವೈಫೈನಲ್ಲಿ ಹೊಸ ಲ್ಯಾಪ್‌ಟಾಪ್‌ಗೆ ಕಾಪಿ ಮಾಡುತ್ತಿದ್ದೀರಿ, ತುಂಬ ನಿಧಾನ, ಅರ್ಧಕ್ಕೇ ನಿಂತುಹೋಗುತ್ತದೆ, ಒಂದೊಂದು ಸಲ ಹಳೇ ಕಂಪ್ಯೂಟರ್ ಕಾಣಿಸುವುದೇ ಇಲ್ಲ, ಹೊಸ ರೌಟರ್ ತರಲಾ ಅಂತ ಕೇಳಿದ್ದೀರಿ. ಈಗಲೇ ತರಬೇಡಿ. ಇಂಟರ್ನೆಟ್ ಪ್ಲ್ಯಾನನ್ನೂ ಜಾಸ್ತಿ ಮಾಡಿಸಬೇಡಿ. ಈ ಫೈಲು ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲವಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಮೊದಲು ಒಂದು ಮಾತು. ಕಟ್ ಮಾಡಿ ಪೇಸ್ಟ್ ಮಾಡುತ್ತಿದ್ದರೆ ನಿಲ್ಲಿಸಿ, ಬರೀ ಕಾಪಿ ಮಾಡಿ. ಅಜ್ಜಿಯ ಹಳೇ ಫೋಟೊಗಳೆಲ್ಲ ಅದರಲ್ಲೇ ಇವೆ, ಅಲ್ವಾ? ಹೊಸದರಲ್ಲಿ ತೆರೆದು ನೋಡಿ, ಎರಡೂ ಕಡೆ ಫೈಲುಗಳ ಲೆಕ್ಕ ತಾಳೆ ಆಗುವವರೆಗೆ ಹಳೇದರಲ್ಲಿ ಒಂದನ್ನೂ ಅಳಿಸಬೇಡಿ.

ಈಗ ನಿಧಾನದ ವಿಷಯ. ಎರಡೂ ವೈಫೈನಲ್ಲಿದ್ದರೆ ಫೈಲು ಹಳೇ ಕಂಪ್ಯೂಟರ್‌ನಿಂದ ರೌಟರ್‌ಗೆ ಒಂದು ಸಲ, ರೌಟರ್‌ನಿಂದ ಲ್ಯಾಪ್‌ಟಾಪ್‌ಗೆ ಇನ್ನೊಂದು ಸಲ, ಹೀಗೆ ಎರಡು ಸಲ ಗಾಳಿಯಲ್ಲಿ ಹೋಗಬೇಕು. ಎರಡೂ ಒಂದೇ ಚಾನೆಲ್‌ನಲ್ಲಿದ್ದರೆ, ಅಂದರೆ ಒಂದೇ ರೇಡಿಯೊ ದಾರಿಯಲ್ಲಿದ್ದರೆ, ವೇಗ ಹೆಚ್ಚುಕಮ್ಮಿ ಅರ್ಧ ಆಗಿಬಿಡುತ್ತದೆ. ಹಳೇ ಕಂಪ್ಯೂಟರ್ ಒಂದನ್ನಾದರೂ ಕೇಬಲ್‌ನಲ್ಲಿ ರೌಟರ್‌ಗೆ ಸಿಕ್ಕಿಸಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಎರಡನ್ನೂ ಕೇಬಲ್‌ಗೆ ಹಾಕಿದರೆ ಇನ್ನೂ ಒಳ್ಳೆಯದು.

ಕೇಬಲ್ ಹಾಕಿದ ಮೇಲೆ ಒಂದು ದೊಡ್ಡ ವಿಡಿಯೊ ಮಾತ್ರ ಕಾಪಿಗೆ ಬಿಟ್ಟು, ವೇಗ ಎಷ್ಟು ತೋರಿಸುತ್ತದೆ ನೋಡಿ. ಫೋಟೊ ಫೋಲ್ಡರ್ ಹಾಕಿ ನೋಡಬೇಡಿ. ಸಾವಿರಾರು ಸಣ್ಣ ಫೈಲು ಇದ್ದರೆ ಒಂದೊಂದನ್ನೂ ತೆರೆದು ಮುಚ್ಚುವುದರಲ್ಲೇ ಹೊತ್ತು ಹೋಗುತ್ತದೆ, ನೆಟ್‌ವರ್ಕ್ ಚೆನ್ನಾಗಿದ್ದರೂ ನಿಧಾನ ಅನ್ನಿಸುತ್ತದೆ. ಸೆಕೆಂಡಿಗೆ 110 ಎಂಬಿ (ಮೆಗಾಬೈಟ್) ಹತ್ತಿರ ಬಂದರೆ ಗಿಗಾಬಿಟ್, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್, ಸರಿಯಾಗಿ ಸಿಗುತ್ತಿದೆ ಅಂತ; ಎಂಟು ಬಿಟ್ ಸೇರಿದರೆ ಒಂದು ಬೈಟ್. 11ರ ಹತ್ತಿರ ಬಂದು ಅಲ್ಲೇ ಅಲ್ಲಾಡದೆ ನಿಂತರೆ, ಸಂಪರ್ಕ 1000ದ ಬದಲು 100 ಮೆಗಾಬಿಟ್‌ನಲ್ಲಿ ಸಿಕ್ಕಿಕೊಂಡಿದೆ ಅಂತ.

ನನಗೆ ಹೀಗೇ ಆಗಿತ್ತು. ಎರಡು ದಿನ ಸೆಟ್ಟಿಂಗ್ಸ್ ಎಲ್ಲ ತಡಕಾಡಿದೆ. ಕೊನೆಗೆ ನೋಡಿದರೆ ಕೇಬಲ್ ಬಾಗಿಲ ಸಂದಿಯಲ್ಲಿ ಸಿಕ್ಕಿ ಒಂದು ಕಡೆ ಚಪ್ಪಟೆಯಾಗಿತ್ತು. ಆ ಕೇಬಲ್ ಒಳಗೆ ಎಂಟು ಸಣ್ಣ ತಂತಿ ಇರುತ್ತವೆ. ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ಅದಕ್ಕೇ ಉಳಿದ ನಾಲ್ಕರಲ್ಲಿ ಒಂದು ತಂತಿ ತುಂಡಾದರೂ ನೆಟ್ ಬರುತ್ತಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕೇಬಲ್ ಬದಲಿಸಿದೆ, ಅಷ್ಟೇ. 50 ಜಿಬಿ ಹೋಗಲು ಒಂದೂಕಾಲು ಗಂಟೆ ಹಿಡಿಯುತ್ತಿದ್ದದ್ದು ಎಂಟು ನಿಮಿಷದೊಳಗೆ ಮುಗಿಯಿತು. ಕೇಬಲ್ ಬದಲಿಸಿದರೂ 11 ದಾಟದಿದ್ದರೆ, ರೌಟರ್‌ನ ಅಥವಾ ಹಳೇ ಕಂಪ್ಯೂಟರ್‌ನ ಪೋರ್ಟೇ 100ರದ್ದು. ಆಗ ರೌಟರ್ ಮಾತು ಆಡೋಣ.

ಅರ್ಧಕ್ಕೆ ನಿಲ್ಲುವುದಕ್ಕೆ ನನ್ನ ಮೊದಲ ಅನುಮಾನ, ಎರಡರಲ್ಲಿ ಒಂದು ಸ್ಲೀಪ್‌ಗೆ ಹೋಗುತ್ತಿದೆ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು ನೆವರ್ ಅಂತ ಇಡಿ, ಲ್ಯಾಪ್‌ಟಾಪ್ ಚಾರ್ಜರ್‌ನಲ್ಲೇ ಇರಲಿ, ಮುಚ್ಚಳ ಮುಚ್ಚಬೇಡಿ. ದೊಡ್ಡ ವಿಡಿಯೊ ಮಾತ್ರ ಹೋಗುತ್ತಿಲ್ಲ, ಫೈಲ್ ತುಂಬ ದೊಡ್ಡದು ಅಂತ ಬರುತ್ತಿದೆ ಅಂದರೆ ಅದು ಬೇರೆ ವಿಷಯ. ನೀವು ತುಂಬಿಸುತ್ತಿರುವ ಪೆನ್‌ಡ್ರೈವ್ ಅಥವಾ ಡಿಸ್ಕ್ ಫ್ಯಾಟ್32 ಅನ್ನುವ ಹಳೇ ರೀತಿಯಲ್ಲಿ ಫಾರ್ಮ್ಯಾಟ್ ಆಗಿರಬಹುದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದೇ ಇಲ್ಲ. ಹಾಗಂತ ಸುಮ್ನೆ ಫಾರ್ಮ್ಯಾಟ್ ಒತ್ತಬೇಡಿ, ಅದರೊಳಗಿದ್ದದ್ದೆಲ್ಲ ಹೋಗಿಬಿಡುತ್ತದೆ.

ಕಂಪ್ಯೂಟರ್ ಕಾಣದಿದ್ದಾಗ ಎರಡೂ ಒಂದೇ ವೈಫೈ ಹೆಸರಿನಲ್ಲಿವೆಯಾ ನೋಡಿ. ಲ್ಯಾಪ್‌ಟಾಪ್ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೆ ರೌಟರೇ ಎರಡರ ನಡುವೆ ಗೋಡೆ ಹಾಕಿರುತ್ತದೆ. ಆಮೇಲೆ ಎರಡರಲ್ಲೂ ನೆಟ್‌ವರ್ಕ್ ಪಬ್ಲಿಕ್ ಅಂತಿದ್ದರೆ ಪ್ರೈವೇಟ್ ಮಾಡಿ. ಹೆಸರು ಮತ್ತು ಪಾಸ್‌ವರ್ಡ್ ಕೇಳಿದರೆ ಹಳೇ ಕಂಪ್ಯೂಟರ್‌ನ ಅಕೌಂಟಿನ ಪಾಸ್‌ವರ್ಡ್ ಕೊಡಬೇಕು. ದಿನಾ ಒತ್ತುವ ಪಿನ್ ನಡೆಯುವುದಿಲ್ಲ, ಅದು ಆ ಕಂಪ್ಯೂಟರ್‌ಗೆ ಮಾತ್ರ. ಇಲ್ಲೇ ತುಂಬ ಜನ ಸಿಕ್ಕಿಹಾಕಿಕೊಳ್ಳುತ್ತಾರೆ.

ಫೈರ್‌ವಾಲ್ (ಹೊರಗಿನಿಂದ ಕಂಪ್ಯೂಟರ್‌ಗೆ ನುಗ್ಗುವುದನ್ನು ತಡೆಯುವ ಕಾವಲು) ಪೂರ್ತಿ ಆಫ್ ಮಾಡಿ, ಎಸ್‌ಎಂಬಿ1 (ವಿಂಡೋಸ್‌ನಲ್ಲಿ ಫೈಲು ಹಂಚಿಕೊಳ್ಳುವ ಹಳೇ ವಿಧಾನ) ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಮಾಡಬೇಡಿ. 2017ರಲ್ಲಿ ವನ್ನಾಕ್ರೈ ಅನ್ನುವ ವೈರಸ್ ಜಗತ್ತಿನಾದ್ಯಂತ ಹರಡಿದ್ದು ಆ ಎಸ್‌ಎಂಬಿ1 ತೂತಿನಿಂದಲೇ. ಎಷ್ಟೋ ಜನರ ಫೈಲುಗಳಿಗೆ ಬೀಗ ಬಿತ್ತು. ನಮ್ಮ ಫೋಟೊಗಳಿಗೆ ಆ ಗತಿ ಬರುವುದು ಬೇಡ.

ಇವತ್ತು ರಾತ್ರಿ ಕೇಬಲ್ ಹಾಕಿ ಒಂದೇ ಒಂದು ವಿಡಿಯೊ ಕಾಪಿಗೆ ಬಿಡಿ. ಪರದೆಯ ಮೇಲೆ ವೇಗ ಕಾಣುವ ಹಾಗೆ ಒಂದು ಫೋಟೊ ತೆಗೆದು ಇಲ್ಲೇ ಹಾಕಿ. ಅದನ್ನು ನೋಡಿ ನಾನು ಫೋನ್ ಮಾಡುತ್ತೇನೆ. ನಿಂತ ಕಡೆಯಿಂದಲೇ ಮುಂದುವರಿಸುವ ರೋಬೊಕಾಪಿ ಅಂತ ಒಂದು ಕಮಾಂಡ್ ವಿಂಡೋಸ್‌ನಲ್ಲೇ ಇದೆ, ಅದನ್ನು ಜೊತೆಗೇ ಕೂತು ಹಾಕೋಣ.