ಬೈಬಲ್‌ನ ಪುಸ್ತಕಗಳನ್ನು ಆರಿಸಿದ್ದು ನೈಸಿಯಾ ಸಭೆಯಾ?

ಅನುಮಾನಪ್ಪ: ನಮ್ಮ ಭಾವ ಮಾತಿಗೆ ಕೂತಾಗಲೆಲ್ಲ ಒಂದೇ ಕಥೆ ಹೇಳುತ್ತಾರೆ. 325ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ (ಈಗಿನ ಟರ್ಕಿಯ ಒಂದು ಊರು) ಬಿಷಪ್‌ಗಳನ್ನು ಸೇರಿಸಿ, ಬೈಬಲ್‌ನಲ್ಲಿ ಯಾವ ಪುಸ್ತಕ ಇರಬೇಕು ಅಂತ ಮತ ಹಾಕಿಸಿದನಂತೆ. ನಿಜವಾ?

ಮಸಿಕುಡಿಕೆ: ಇಲ್ಲ. ನಾನೂ ಹತ್ತು ವರ್ಷ ಇದನ್ನೇ ನಂಬಿ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದವನು (ಈಗ ನಾಚಿಕೆ). ಆಮೇಲೆ ಆ ಸಭೆಯ 20 ನಿಯಮಗಳನ್ನು ಕೂತು ಓದಿದೆ. ಪಾದ್ರಿಗಳು ಬಡ್ಡಿ ವ್ಯವಹಾರ ಮಾಡಬಾರದು, ಭಾನುವಾರ ಮಂಡಿಯೂರದೆ ನಿಂತೇ ಪ್ರಾರ್ಥಿಸಬೇಕು ಅಂತೆಲ್ಲ ಇದೆ. ಪುಸ್ತಕಗಳ ಪಟ್ಟಿಯ ಸುದ್ದಿಯೇ ಇಲ್ಲ! ಜಗಳ ಆಗಿದ್ದು ಪಾದ್ರಿ ಏರಿಯಸ್‌ನ ವಾದದ ಮೇಲೆ: ಮಗ (ಯೇಸು) ತಂದೆಗೆ (ದೇವರಿಗೆ) ಸಮಾನನೋ ಅಲ್ಲವೋ ಅಂತ. ಜೊತೆಗೆ ಈಸ್ಟರ್ ದಿನದ ಲೆಕ್ಕ.

ಅನುಮಾನಪ್ಪ: ಹಾಗಾದರೆ ಪಟ್ಟಿ ಬಂದಿದ್ದು ಯಾವಾಗ?

ಮಸಿಕುಡಿಕೆ: ಒಂದೇ ದಿನದಲ್ಲಿ ಅಲ್ಲ. ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳೇ ಇರುವ ಪಟ್ಟಿ 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಶಿಯಸ್ ಬರೆದ ಈಸ್ಟರ್ ಪತ್ರದಲ್ಲಿ ಸಿಗುತ್ತದೆ.

ದಾರಿಹೋಕ: ಪಾಪ, ನಿಮ್ಮ ಭಾವ ಸುಮ್ನೆ ಕಟ್ಟಿದ್ದಲ್ಲ. ಸುಮಾರು 9ನೇ ಶತಮಾನದ ಒಂದು ಗ್ರೀಕ್ ಬರಹದಲ್ಲಿ ನೈಸಿಯಾದ ಪವಾಡ ಬರುತ್ತದೆ. ಪುಸ್ತಕಗಳನ್ನೆಲ್ಲ ಬಲಿಪೀಠದ ಬಳಿ ಇಟ್ಟು ಪ್ರಾರ್ಥಿಸಿದರಂತೆ, ನಿಜವಾದವು ಮೇಲೆ, ಸುಳ್ಳಿನವು ಕೆಳಗೆ ಉಳಿದವಂತೆ. 18ನೇ ಶತಮಾನದ ಫ್ರೆಂಚ್ ಲೇಖಕ ವೋಲ್ಟೇರ್ ಅದನ್ನು ಗೇಲಿ ಮಾಡಿ ಬರೆದ. ಗೇಲಿ ಜಾಸ್ತಿ ಹಬ್ಬುತ್ತದೆ, ಅಲ್ವಾ?