‘ಸೆಟ್’ ಅಂದ್ರೆ ಏನು ಅಂತ ಮಗಳಿಗೆ ಹೇಗೆ ಹೇಳಲಿ?

ಪಂಪ್‌ಸೆಟ್ ರಿಪೇರಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಾನು ಹದಿನೆಂಟು ವರ್ಷದಿಂದ ಮೋಟಾರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದೇನೆ. ಓದಿದ್ದು ಕನ್ನಡ ಮೀಡಿಯಂನಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಮಗಳು ಈಗ ಏಳನೇ ಕ್ಲಾಸು. ರಾತ್ರಿ ಊಟ ಆದ ಮೇಲೆ ಅವಳ ಪುಸ್ತಕ ಹಿಡಿದು ಅರ್ಧ ಗಂಟೆ ಜೊತೆಗೆ ಕೂರುತ್ತೇನೆ. ಎಷ್ಟೇ ಸುಸ್ತಾಗಿದ್ದರೂ ಅದನ್ನು ತಪ್ಪಿಸುವುದಿಲ್ಲ.

ಮೊನ್ನೆ ಕ್ರಿಯಾಪದದ ಪಟ್ಟಿ ಬಾಯಿಪಾಠ ಮಾಡುತ್ತಿದ್ದಳು. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್. ಆಮೇಲೆ ಸೆಟ್, ಸೆಟ್, ಸೆಟ್. ಅಲ್ಲಿಗೆ ನಿಲ್ಲಿಸಿ, ‘ಅಪ್ಪಾ, ಇದ್ಯಾಕೆ ಮೂರು ಮನೆಯಲ್ಲೂ ಒಂದೇ ಇದೆ? ಸೆಟ್ ಅಂದ್ರೆ ಏನು?’ ಅಂದಳು.

ನಾನು ದಿನವಿಡೀ ಆಡುವ ಪದ ಅದು. ಪಂಪ್‌ಸೆಟ್ ಅನ್ನುತ್ತೇನೆ. ಸ್ಟಾರ್ಟರ್ ಡಬ್ಬಿ ಬಿಚ್ಚಿ, ಮೋಟಾರಿಗೆ ಕರೆಂಟ್ ಜಾಸ್ತಿ ಹರಿದರೆ ಕಡಿದುಬಿಡುವ ರಿಲೇ ಸೆಟ್ ಮಾಡುತ್ತೇನೆ. ಟೈಮರ್ ಸೆಟ್ ಮಾಡುತ್ತೇನೆ. ಸ್ಪ್ಯಾನರ್ ಸೆಟ್ ಕೈಪಕ್ಕದಲ್ಲೇ ಇರುತ್ತದೆ. ಆದರೂ ಒಂದು ಮಾತಲ್ಲಿ ಅರ್ಥ ಹೇಳು ಅಂದಾಗ ಬಾಯಿಗೆ ಏನೂ ಬರಲಿಲ್ಲ.

ಅವಳ ಗೈಡ್ ತೆಗೆದು ನೋಡಿದೆ. ಸೂರ್ಯ ಮುಳುಗಿದ್ದಕ್ಕೂ ಸೆಟ್. ಊಟದ ಮೇಜಿಗೆ ತಟ್ಟೆ ಲೋಟ ಜೋಡಿಸಿದ್ದಕ್ಕೂ ಸೆಟ್. ಮಳೆ ಹಿಡಿದುಕೊಂಡಿದ್ದಕ್ಕೂ ಸೆಟ್. ಗುಡಿಸಲಿಗೆ ಬೆಂಕಿ ಹಚ್ಚಿದ್ದಕ್ಕೂ ಸೆಟ್. ಅವಳು ಒಂದೊಂದನ್ನೂ ಬೇರೆ ಬೇರೆಯಾಗಿ ಉರು ಹೊಡೆಯುತ್ತಿದ್ದಾಳೆ. ನೋಡಿ ಸಂಕಟ ಆಯ್ತು. ಇವಕ್ಕೆಲ್ಲ ಬೇರು ಒಂದೇ ಇರಬೇಕು ಅಲ್ವಾ? ಬೇರು ಸಿಕ್ಕಿದರೆ ಉಳಿದದ್ದು ಅವಳೇ ಹಿಡಿಯುತ್ತಾಳೆ. ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಸಾಗರ

ನಿಮ್ಮ ಮಗಳ ಪ್ರಶ್ನೆ ಓದಿ ತುಂಬ ಸಂತೋಷ ಆಯ್ತು. ಇದು ಚಿಕ್ಕ ಪ್ರಶ್ನೆ ಅಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ಈ ‘ಸೆಟ್’ ಕ್ರಿಯಾಪದಕ್ಕೇ. 430ರಷ್ಟು ಅರ್ಥಗಳು, ಸುಮಾರು 60,000 ಪದಗಳ ವಿವರ. ಆಮೇಲೆ ನಿಘಂಟನ್ನು ಪರಿಷ್ಕರಿಸುತ್ತಾ ಬಂದಾಗ ‘ರನ್’ ಅದನ್ನು ಹಿಂದೆ ಹಾಕಿತು. ಅದಕ್ಕೆ 645 ಅರ್ಥ.

ಈಗ ಬೇರಿನ ವಿಷಯ. ‘ಸಿಟ್’ ಅಂದರೆ ಕೂರು. ‘ಸೆಟ್’ ಅಂದರೆ ಕೂರಿಸು. ಅಷ್ಟೇ.

ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಅಂದರೆ ಕೂರುವುದು, ‘ಸೆಟ್ಟನ್’ ಅಂದರೆ ಕೂರುವಂತೆ ಮಾಡುವುದು. ನಾವು ‘ಇಸು’ ಹಚ್ಚುತ್ತೇವಲ್ಲ, ಅದೇ ಕೆಲಸ. ಅವರು ಪದದ ಒಳಗಿನ ಸ್ವರ ಬದಲಾಯಿಸುತ್ತಿದ್ದರು. ಇಂಥ ಜೋಡಿಗಳು ಇಂಗ್ಲಿಷಿನಲ್ಲಿ ಇನ್ನೂ ಕೆಲವು ಉಳಿದಿವೆ. ‘ಲೈ’ ಮಲಗು, ‘ಲೇ’ ಮಲಗಿಸು. ‘ರೈಸ್’ ಏಳು, ‘ರೇಸ್’ ಎಬ್ಬಿಸು. ‘ಫಾಲ್’ ಬೀಳು, ‘ಫೆಲ್’ ಬೀಳಿಸು, ಮರ ಕಡಿದು ಉರುಳಿಸುವುದಕ್ಕೆ ಈಗಲೂ ಬಳಸುತ್ತಾರೆ. ಹೊಸ ಜೋಡಿ ಹುಟ್ಟಿಸುವುದನ್ನು ಆ ಭಾಷೆ ಎಂದೋ ಬಿಟ್ಟಿತು. ನಮ್ಮಲ್ಲಿ ಅದು ಇವತ್ತಿಗೂ ಜೀವಂತ. ‘ಸೆಟ್ ಮಾಡಿಸು’ ಅಂತ ಇಂಗ್ಲಿಷ್ ಪದಕ್ಕೇ ‘ಇಸು’ ಹಚ್ಚುತ್ತೇವೆ ನೋಡಿ.

ಸೂರ್ಯ ಯಾಕೆ ‘ಸೆಟ್’ ಆಗುತ್ತಾನೆ ಅಂತಲೂ ಅವಳಿಗೆ ಹೇಳಿ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ಇದ್ದ ಪದದ ಅರ್ಥ ‘ಪೀಠಕ್ಕೆ ಹೋಗುವುದು’. ದಿನವೆಲ್ಲ ನಡೆದವನು ಸಂಜೆ ಹೋಗಿ ಕೂತ. ನನಗೆ ಬಲು ಇಷ್ಟವಾದ ಮಾತು ಇದು.

ಮೂರು ಮನೆಯಲ್ಲೂ ಒಂದೇ ಯಾಕೆ? ಭೂತಕಾಲದ ಗುರುತು ಇಂಗ್ಲಿಷಿನಲ್ಲಿ ಡ್ ಅಥವಾ ಟ್. ಈ ಪದ ಮೊದಲೇ ಟ್‌ನಲ್ಲಿ ಮುಗಿಯುತ್ತದೆ. ಹಿಂದೆ ಭೂತಕಾಲದಲ್ಲಿ ‘ಸೆಟ್ಟೆ’ ಅಂತ ಬಾಲ ಇತ್ತು. ಕಾಲ ಕಳೆದಂತೆ ಬಾಲ ಸವೆಯಿತು, ಎರಡು ಟ್ ಒಂದಾಯಿತು. ಪುಟ್, ಕಟ್, ಹಿಟ್, ಶಟ್ ಕೂಡ ಇದೇ ಸಾಲಿನಲ್ಲಿವೆ. ಒಟ್ಟಿಗೆ ಬರೆದುಕೊಳ್ಳಲಿ.

ಇನ್ನೊಂದು ಮುಖ್ಯ ಮಾತು. ‘ಗುಂಪು’ ಅನ್ನುವ ಅರ್ಥದ ಸೆಟ್ ಇದೆಯಲ್ಲ, ಅದು ಬೇರೆ ಕಡೆಯಿಂದ ಬಂದದ್ದು. ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಒಬ್ಬರ ಹಿಂದೆ ಹೋಗುವವರ ಗುಂಪು. ಪಂಥ ಅನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ‘ಸೆಕ್ಟ್’ ಅದರದೇ ಒಡಹುಟ್ಟು. ಅದು ಹಳೆಯ ಫ್ರೆಂಚಿನ ಮೂಲಕ ‘ಸೆಟ್’ ಆಗಿ ಬಂದು ಈ ಸೆಟ್ ಜೊತೆ ಬೆರೆತುಹೋಯಿತು. ಟೀ ಸೆಟ್, ಚೆಸ್ ಸೆಟ್, ಗಣಿತದಲ್ಲಿ ನಾವು ‘ಗಣ’ ಅನ್ನುವ ಸೆಟ್, ಎಲ್ಲವನ್ನೂ ಈ ಕಡೆಗೆ ಹಾಕಬಹುದು. ಹಾಗಾಗಿ ನಿಮ್ಮ ಅಂಗಡಿಯಲ್ಲೇ ಎರಡೂ ಇವೆ. ಪಂಪು, ಮೋಟಾರು ಸೇರಿದ್ದು ಪಂಪ್‌ಸೆಟ್, ಅದು ಗುಂಪಿನ ಸೆಟ್. ರಿಲೇ ಸೆಟ್ ಮಾಡುವುದು ಕೂರಿಸುವ ಸೆಟ್.

ಹರಳು ಕೆಲಸದವ, ಉಡುಪಿ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೇ. ನಮ್ಮ ಕಸುಬಿನಲ್ಲಿ ಇಂಗ್ಲಿಷಿನವರು ಸೆಟ್ಟಿಂಗ್ ಅನ್ನುವುದನ್ನು ನಾವು ಹರಳು ಕೂರಿಸುವುದು ಅಂತಲೇ ಹೇಳುವುದು. ಅಪ್ಪನ ಕಾಲದಿಂದಲೂ ಅದೇ ಮಾತು.

ಏಳು ಕಲ್ಲಿನ ಬೆಂಡೋಲೆ ಅಂತಿಟ್ಟುಕೊಳ್ಳಿ. ಓಲೆಯನ್ನು ಮೊದಲು ಬಿಸಿ ಅರಗಿನಲ್ಲಿ ಅಂಟಿಸಿ ಅಲ್ಲಾಡದ ಹಾಗೆ ಮಾಡುತ್ತೇವೆ. ಪ್ರತಿ ಕಲ್ಲಿಗೂ ಅದರ ಅಳತೆಗೆ ಸರಿಯಾಗಿ ಚಿನ್ನದಲ್ಲಿ ಒಂದು ಕೂರುವ ಜಾಗ ಕೊರೆಯಬೇಕು. ಕೂದಲೆಳೆ ಜಾಸ್ತಿ ಕೊರೆದರೂ ಕಲ್ಲು ಒಂದು ಕಡೆ ವಾಲುತ್ತದೆ. ಕಲ್ಲು ಇಟ್ಟು, ಸುತ್ತಲಿನ ಚಿನ್ನದ ಅಂಚನ್ನು ಸ್ವಲ್ಪ ಸ್ವಲ್ಪವೇ ಎದುರುಬದುರಾಗಿ ಒತ್ತಿ ಮಡಚುತ್ತೇವೆ. ಕೆಲಸ ಆದ ಮೇಲೆ ಓಲೆಯನ್ನು ಕಿವಿ ಹತ್ತಿರ ಹಿಡಿದು ಉಗುರಲ್ಲಿ ತಟ್ಟಿ ನೋಡುವುದು. ಒಳಗಿಂದ ಸಣ್ಣಗೆ ಟಿಕ್ ಅಂದರೆ ಆ ಕಲ್ಲು ಕೂತಿಲ್ಲ ಅಂತ ಅರ್ಥ. ಏನೂ ಕೇಳಿಸದಿದ್ದರೆ ಕೂತಿದೆ.

ಮಗುವಿಗೆ ಇದನ್ನು ಹೇಳಿ. ಮೂಳೆ ಕೂರಿಸುವುದು, ಬಾಗಿಲಿನ ದಾರಂದ ಕೂರಿಸುವುದು, ಎಲ್ಲ ಇದೇ.

ತೀರ್ಥಹಳ್ಳಿ ಹತ್ತಿರದ ತೋಟದವಳು

ಕೋಳಿ ಬಿಟ್ಟುಬಿಟ್ಟಿರಲ್ಲ! ನಾವು ಕೋಳಿ ಕಾವಿಗೆ ಕೂರಿಸುತ್ತೇವೆ. ಬುಟ್ಟಿಗೆ ಒಣಹುಲ್ಲು ಹಾಕಿ, ಹತ್ತೋ ಹನ್ನೆರಡೋ ಮೊಟ್ಟೆ ಇಟ್ಟು, ಮುಸ್ಸಂಜೆ ಹೊತ್ತಲ್ಲಿ ಮೆಲ್ಲಗೆ ಕೂರಿಸಿದರೆ 21 ದಿನಕ್ಕೆ ಮರಿ. ಇಂಗ್ಲಿಷಿನ ರೈತರೂ ಇದಕ್ಕೆ ‘ಸೆಟ್ ಎ ಹೆನ್’ ಅಂತಲೇ ಹೇಳುತ್ತಾರೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವುದನ್ನೂ ಸೇರಿಸಿಕೊಳ್ಳಿ.

ಭಾನುವಾರದ ಕನ್ನಡ ತರಗತಿ, ನ್ಯೂಜೆರ್ಸಿ

ಕೂರಿಸು ಒಂದರಿಂದಲೇ ಪೂರ್ತಿ ಕೆಲಸ ಆಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಬೆಂಕಿ ಹಚ್ಚಿದ ವಾಕ್ಯ ನೋಡಿ. ಬೆಂಕಿ ಕೂರಿಸಿದ ಅಂದರೆ ಮಗುವಿಗೆ ಅರ್ಥ ಆಗುತ್ತದಾ? ಅಲ್ಲಿ ನಮ್ಮದು ‘ಇಡು’. ಬೆಂಕಿ ಇಟ್ಟ. ಬೋನು ಇಟ್ಟ. ಮುಹೂರ್ತ ಇಟ್ಟರು. ಊರಿಗೆ ಕಾಲಿಟ್ಟ. ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಸೆಟ್ ಬಳಸಬಹುದು. ಒಂದು ವಸ್ತುವನ್ನು ಒಂದು ಜಾಗದಲ್ಲಿ ನಿಲ್ಲುವ ಹಾಗೆ ಮಾಡುವುದು, ಅದು ಕೂರಿಸು. ಇನ್ನೊಂದು ಕಡೆ, ಏನನ್ನೋ ಶುರು ಮಾಡಿ ಅಥವಾ ಗೊತ್ತು ಮಾಡಿ ಬಿಡುವುದು, ಅದು ಇಡು. ಎರಡನ್ನೂ ಅವಳ ಕೈಗೆ ಕೊಡಿ.

ನಾನು ಇಲ್ಲೇ ಹುಟ್ಟಿದ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಅವರು ‘ಇಡು’ ಬಗ್ಗೆ ಥೇಟ್ ನಿಮ್ಮ ಮಗಳ ಹಾಗೇ ಕೇಳುತ್ತಾರೆ. ಕೋಳಿ ಮೊಟ್ಟೆ ಇಡುತ್ತದೆ, ಅಜ್ಜಿ ಕುಂಕುಮ ಇಡುತ್ತಾರೆ, ಮಗುವಿಗೆ ಹೆಸರಿಡುತ್ತಾರೆ, ಸ್ಟವ್ ಮೇಲೆ ಅನ್ನಕ್ಕಿಡುತ್ತಾರೆ, ದೇವರಿಗೆ ಮೊರೆ ಇಡುತ್ತಾರೆ. ‘ಹೌ ಮೆನಿ ಇಡುಸ್?’ ಅಂತ ಒಬ್ಬ ಹುಡುಗ ಕೇಳಿದ್ದ. ಅವನಿಗೆ ನಾನು ಪಟ್ಟಿ ಕೊಡಲಿಲ್ಲ. ಕುಂಕುಮದ ಬಟ್ಟಲು ಅವನ ಕೈಗೆ ಕೊಟ್ಟು, ‘ನನಗೆ ಇಡು’ ಅಂದೆ. ಆಮೇಲೆ ಆ ಬಟ್ಟಲನ್ನು ಮೇಜಿನ ಮೇಲೆ ‘ಇಡು’ ಅಂದೆ. ಎರಡೂ ಸಲ ಅವನ ಕೈ ಮಾಡಿದ್ದು ಹೆಚ್ಚುಕಮ್ಮಿ ಒಂದೇ ಕೆಲಸ. ಅದು ಅವನಿಗೆ ನಾಟಿತು.

ಪಂಪ್‌ಸೆಟ್ ರಿಪೇರಿ, ತಿಪಟೂರು

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಮೇಡಂ, ನೀವು ಹೇಳಿದ ಹಾಗೆ ಪಟ್ಟಿ ಬಿಟ್ಟು ಭಾನುವಾರ ಅವಳನ್ನು ಅಂಗಡಿಗೇ ಕರೆದುಕೊಂಡು ಹೋದೆ. ಒಂದು ಸ್ಟಾರ್ಟರ್ ಬಿಚ್ಚಿ ರಿಲೇ ತೋರಿಸಿದೆ. ಅದರಲ್ಲಿ ಚಿಕ್ಕದೊಂದು ತಿರುಗಣೆ, ಸುತ್ತ ಆಂಪಿಯರ್ ಅಂಕಿಗಳು ಇರುತ್ತವೆ. ಮೋಟಾರಿನ ತಗಡಿನ ಮೇಲೆ ಬರೆದ ಆಂಪಿಯರ್ ಎಷ್ಟು ಅಂತ ಓದಿಸಿ, ಮುಳ್ಳನ್ನು ಅದರ ಲೆಕ್ಕಕ್ಕೆ ಎಲ್ಲಿಗೆ ತರಬೇಕು ಅಂತ ತೋರಿಸಿದೆ. ಜಾಸ್ತಿ ಇಟ್ಟರೆ ಮೋಟಾರ್ ಸುಟ್ಟರೂ ರಿಲೇ ಬೀಳುವುದಿಲ್ಲ, ಅಂದರೆ ಕರೆಂಟ್ ಕಡಿಯುವುದಿಲ್ಲ. ಕಡಿಮೆ ಇಟ್ಟರೆ ಸುಮ್ನೆ ಸುಮ್ನೆ ಬೀಳುತ್ತದೆ. ಸ್ಕ್ರೂಡ್ರೈವರ್ ಅವಳ ಕೈಗೇ ಕೊಟ್ಟೆ. ತಿರುಗಿಸಿ, ‘ಕೂತ್ಕೊಂಡ್ತು ಅಪ್ಪಾ’ ಅಂದಳು.

ಈಗ ಅವಳ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಇದೆ. ಕೂರಿಸು, ಇಡು, ಗುಂಪು. ಮನೆಯಲ್ಲಿ ಎಲ್ಲರೂ ಸೇರಿ ತುಂಬಿಸುತ್ತಿದ್ದೇವೆ. ಸೆಟ್ ದೋಸೆಯನ್ನು ಅವರಮ್ಮ ಗುಂಪಿಗೆ ಹಾಕಿಸಿದಳು, ಒಂದು ಪ್ಲೇಟಿಗೆ ಮೂರು ಬರುತ್ತದಲ್ಲ ಅಂತ. ಟೆನ್ನಿಸ್ ಸೆಟ್ ಕೂಡ ಅಲ್ಲಿಗೇ ಹೋಯಿತು.

ಒಂದು ಮಾತ್ರ ಉಳಿದಿದೆ. ನಾವು ಮೋಟಾರಿಗೆ ಕಾಂಕ್ರೀಟ್ ಕಟ್ಟೆ ಕಟ್ಟಿಸಿದಾಗ ‘ಸಿಮೆಂಟ್ ಸೆಟ್ ಆಗಲಿ’ ಅಂತ ಕಾಯುತ್ತೇವೆ. ಅಲ್ಲಿ ಯಾರೂ ಕೂರಿಸುತ್ತಿಲ್ಲವಲ್ಲ, ಅದು ಯಾವ ಸಾಲಿಗೆ ಮೇಷ್ಟ್ರೇ?

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಸಾಗರ

ಮೊದಲನೇ ಸಾಲಿಗೆ, ಸೂರ್ಯನ ಪಕ್ಕಕ್ಕೆ ಬರೆಯಲು ಹೇಳಿ. ಇಬ್ಬರೂ ತಾವಾಗಿಯೇ ಕೂತವರು. ಮೊಸರು ಕೂಡ ಅಲ್ಲಿಗೇ. ನಾವು ಹೆಪ್ಪು ಹಾಕುತ್ತೇವೆ ಅಷ್ಟೇ, ರಾತ್ರಿಯೆಲ್ಲ ಕೂತು ಗಟ್ಟಿಯಾಗುವುದು ಅದೇ.