ಸಹಾಯ ಬೇಕು: ‘ದಿ ಗುಡ್, ದ ಬ್ಯಾಡ್ ಅಂಡ್ ದಿ ಅಗ್ಲಿ’ ಯಾವ ಡಿಸ್ಕ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನಿಗೆ 70 ತುಂಬುತ್ತದೆ. ಸರ್ಜಿಯೊ ಲಿಯೋನೆಯ ಈ 1966ರ ಸಿನಿಮಾ ಅಂದ್ರೆ ಅವರಿಗೆ ಪ್ರಾಣ. ಒಳ್ಳೆಯ ಡಿಸ್ಕ್ ಒಂದನ್ನು ಉಡುಗೊರೆ ಕೊಡಬೇಕು ಅಂತ ಆಸೆ.

ಹಿಂದೆ ಒಂದು ಬ್ಲೂರೇ ತರಿಸಿದ್ದೆ. 2014ರ 4ಕೆ (ಅತಿ ಸ್ಪಷ್ಟ ಚಿತ್ರದ) ರಿಸ್ಟೋರೇಷನ್‌ನಿಂದ, ಅಂದ್ರೆ ಹಳೆಯ ಫಿಲಂ ಸರಿಪಡಿಸಿದ ಪ್ರತಿಯಿಂದ ಮಾಡಿದ್ದು. ಆಕಾಶ, ಮುಖ, ಮರಳು ಎಲ್ಲಾ ಹಳದಿ! ಅಪ್ಪ ಏನೂ ಹೇಳಲಿಲ್ಲ, ಆದರೆ ಅರ್ಧಕ್ಕೇ ಎದ್ದು ಹೋದರು. ನನಗೆ ತುಂಬಾ ಬೇಜಾರಾಯಿತು.

ಅಮೆರಿಕದ ಡಿಸ್ಕ್ ಕಂಪನಿ ಕೀನೋ ಲಾರ್ಬರ್ 2021ರಲ್ಲಿ ತಂದ 4ಕೆ ಡಿಸ್ಕ್‌ನಲ್ಲಿ ಬಣ್ಣ ಸರಿಯಾಗಿದೆಯಾ? ನೋಡಿದವರು ದಯವಿಟ್ಟು ಹೇಳಿ. ಇದು ಟೆಕ್ನಿಸ್ಕೋಪ್ ಅನ್ನೋ ಅಗಲ ಪರದೆಯ ವಿಧಾನದಲ್ಲಿ ತೆಗೆದ ಚಿತ್ರ. ಒಂದು ಫ್ರೇಮಿಗೆ ಮಾಮೂಲಿನ ಅರ್ಧದಷ್ಟೇ ಫಿಲಂ. ಹಾಗಾಗಿ ಗ್ರೇನ್ (ಫಿಲಂನ ಸಣ್ಣ ಕಣಗಳು) ಜಾಸ್ತಿ ಇರುವುದೇ ಸರಿ. ಅದನ್ನು ಒರೆಸಿ ಮುಖಗಳನ್ನು ಮೇಣದ ಗೊಂಬೆ ಮಾಡಿದ್ದರೆ ನನಗೆ ಬೇಡ.

ಸದ್ದಿನ ಬಗ್ಗೆಯೂ ತಿಳಿಸಿ. ನನಗೆ ಹಳೆಯ ಮೋನೊ (ಒಂದೇ ಚಾನೆಲ್‌ನ) ಟ್ರ್ಯಾಕೇ ಬೇಕು. ಮೊರಿಕೋನೆ ಸಂಗೀತದ ಜೊತೆ ಆ ಹಳೆಯ ಗುಂಡಿನ ಸದ್ದೇ ಚೆಂದ, ಅಲ್ವಾ? 2003ರಲ್ಲಿ ಸೇರಿಸಿದ ದೃಶ್ಯಗಳಿಗೆ ನಟರಾದ ಈಸ್ಟ್‌ವುಡ್, ವಾಲಕ್ ವಯಸ್ಸಾದ ಮೇಲೆ ದನಿ ಕೊಟ್ಟಿದ್ದಾರೆ. ಮೂರನೇ ನಟ ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಿಂದ ಅವರ ದನಿ ಬೇರೆಯವರದು. ಹಾಗಾಗಿ ಆ ದೃಶ್ಯಗಳಿಲ್ಲದ, ಥಿಯೇಟರಿನಲ್ಲಿ ಬಂದ ಕಟ್ ಸಾಕು.

ನಮ್ಮ ಪ್ಲೇಯರ್ 4ಕೆ ಓಡಿಸುತ್ತದೆ, ಆದರೆ ಬ್ಲೂರೇಗಳಲ್ಲಿ ರೀಜನ್ ಸಿ (ಭಾರತ ಸೇರಿದ ವಲಯ) ಡಿಸ್ಕ್‌ಗಳನ್ನು ಮಾತ್ರ ಓಡಿಸುತ್ತದೆ. ಅಮೆರಿಕದಿಂದ ಈ ತಿಂಗಳು ಮೈಸೂರಿಗೆ ಬರುವವರು ಯಾರಾದರೂ ಇದ್ದೀರಾ? ಒಂದು ಡಿಸ್ಕ್ ತಂದುಕೊಟ್ಟರೆ ದುಡ್ಡು ಮುಂಚೆಯೇ ಕಳಿಸುತ್ತೇನೆ.